ಇಲಿ ಹೊಟ್ಟೆನೋವು ಪ್ರಾಜೆಕ್ಟ್: 28ನೇ ದಿನದವರೆಗಿನ ಕಥೆ

ಹೋದ ಸಲ ಬರೆದಾಗ ಎಥಿಕ್ಸ್ ಕಮಿಟಿಯಿಂದ ಫಾರ್ಮ್ ಬಿ (ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳೋ ಅರ್ಜಿ) ಎರಡನೇ ಸಲ ವಾಪಸ್ ಬಂತು ಅಂತ ಗೋಳಾಡಿದ್ನಲ್ಲ, ಅದು ಪಾಸಾಯ್ತು, ಇಲಿಗಳೂ ಬಂದ್ವು, ಅವಕ್ಕೆ ಉರಿಯೂತ ಬರಿಸಿ ಇವತ್ತಿಗೆ 28ನೇ ದಿನ. ಮಧ್ಯ ಬರೆಯೋಕೆ ಟೈಮೇ ಸಿಗ್ಲಿಲ್ಲ, ಹಾಗಾಗಿ ನೋಟ್‌ಬುಕ್ ಮುಂದಿಟ್ಕೊಂಡು ಎಲ್ಲಾ ಒಟ್ಟಿಗೆ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ.

ಹೊಸದಾಗಿ ಓದ್ತಿರೋರಿಗೆ: ನಂದು ಎಂ.ಫಾರ್ಮ್ ಎರಡನೇ ವರ್ಷ, ಫಾರ್ಮಕಾಲಜಿ. ದೊಡ್ಡ ಕರುಳಲ್ಲಿ ಉರಿಯೂತ ಬಂದು ವಾಸಿಯಾದ ಮೇಲೂ ನೋವು ಉಳಿಯತ್ತಾ ಅಂತ ಇಲೀಲಿ ನೋಡೋದು ಪ್ರಾಜೆಕ್ಟು. ಇದೇ ಯಾಕೆ ಅಂದ್ರೆ ನಮ್ಮ ಚಿಕ್ಕಪ್ಪ. ಅವರಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ), ಮಾತ್ರೆ ತಗೊಂಡು ಎರಡು ವರ್ಷದಿಂದ ರಕ್ತ ಇಲ್ಲ ಏನಿಲ್ಲ, ಕೊಲೊನೋಸ್ಕೋಪಿ ರಿಪೋರ್ಟ್ ಕ್ಲೀನು, ಆದ್ರೆ ಹೊಟ್ಟೆ ಹಿಂಡೋ ನೋವು ಮಾತ್ರ ಹಾಗೇ ಇದೆ. ರಿಪೋರ್ಟ್ ನೋಡಿದವರೆಲ್ಲ "ಏನೂ ಇಲ್ವಲ್ಲ" ಅಂತಾರೆ, ಪಾಪ ಅವರು ಸುಮ್ನಾಗ್ತಾರೆ. ಹೀಗೆ ಕಾಯಿಲೆ ಹತೋಟಿಗೆ ಬಂದಿರೋ ಪೇಷೆಂಟುಗಳಲ್ಲೂ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಐಬಿಎಸ್ (ಕರುಳಲ್ಲಿ ಗಾಯ ಕಾಣದಿದ್ರೂ ಹೊಟ್ಟೆನೋವು, ಭೇದಿ ಇರೋದು) ಥರದ ತೊಂದ್ರೆ ಇರತ್ತೆ ಅಂತ ಓದಿದ ದಿನವೇ ಟಾಪಿಕ್ ಫಿಕ್ಸ್ ಮಾಡ್ಕೊಂಡೆ.

ಮಾಡೆಲ್, ಅಂದ್ರೆ ಇಲೀಲಿ ಈ ಕಾಯಿಲೆ ಬರಿಸೋ ವಿಧಾನ, ಆರಿಸೋದ್ರಲ್ಲೇ ಒಂದು ತಿಂಗಳು ಹೋಯ್ತು. ನಮ್ಮ ಸೀನಿಯರ್ಸ್ ಎಲ್ಲ ಅಸಿಟಿಕ್ ಆಸಿಡ್ ಮಾಡಿದ್ದು, ಅಗ್ಗ, ಆದ್ರೆ ಅದು ಸುಟ್ಟ ಗಾಯ ಅಷ್ಟೇ, ಕೆಲವೇ ದಿನದಲ್ಲಿ ಆರಿಹೋಗತ್ತೆ. ಡಿಎಸ್‌ಎಸ್ ಅಂತ ಇನ್ನೊಂದು ಕೆಮಿಕಲ್ ಇದೆ, ಕುಡಿಯೋ ನೀರಿಗೆ ಬೆರೆಸಿ ವಾರ ಕೊಟ್ರೆ ಸಾಕು, 1990ರಿಂದ ಎಲ್ಲಾ ಕಡೆ ಬಳಸ್ತಾರೆ, ಸುಲಭ ಅಂದ್ರೆ ಅದೇ ಸುಲಭ, ಆದ್ರೆ ನೋವಿನ ವಿಷಯಕ್ಕೆ ಬಂದ್ರೆ ಒಬ್ರಿಗೆ ಸಿಕ್ಕಿದ್ದು ಇನ್ನೊಬ್ರಿಗೆ ಸಿಕ್ಕಿಲ್ಲ, ಕರುಳು ನೋಡೋಕಾಗ್ದಷ್ಟು ಹಾಳಾಗಿದ್ರೂ ಬಲೂನ್ ಟೆಸ್ಟಲ್ಲಿ (ನೋವು ಅಳೆಯೋ ಟೆಸ್ಟು, ಮುಂದೆ ಹೇಳ್ತೀನಿ) ಚಿಟ್ಟಿಲಿ ಮಾಮೂಲಿ ಥರಾನೇ ಇರೋ ಪೇಪರ್‌ಗಳಿವೆ. ಕೊನೆಗೆ ಆರಿಸಿದ್ದು ಟಿಎನ್‌ಬಿಎಸ್ ಅನ್ನೋ ಕೆಮಿಕಲ್. ಇದು 1989ರಲ್ಲಿ ಕೆನಡಾದವರು ಇಲೀಲಿ ಮಾಡಿ ತೋರಿಸಿದ್ದು. ಎಥನಾಲಲ್ಲಿ ಬೆರೆಸಿ ಗುದದಿಂದ ಕೊಡಬೇಕು, ಎಥನಾಲ್ ಕರುಳಿನ ಲೋಳೆ ಪದರ ಒಡೆಯತ್ತೆ, ಟಿಎನ್‌ಬಿಎಸ್ ಒಳಗೆ ಹೋಗಿ ಕರುಳಿನ ಸ್ವಂತ ಪ್ರೋಟೀನಿಗೇ ಅಂಟ್ಕೊಳತ್ತೆ, ಆಮೇಲೆ ಇಮ್ಯೂನ್ ಸಿಸ್ಟಂ ಅದನ್ನ ಹೊರಗಿಂದ ಬಂದಿದ್ದು ಅಂದ್ಕೊಂಡು ಮೇಲೆ ಬೀಳತ್ತೆ, ಮನೆಯವರಿಗೇ ಮುಖವಾಡ ಹಾಕ್ಸಿ ನಾಯಿ ಛೂ ಬಿಟ್ಟ ಹಾಗೆ. ಮೊದಲ ಬಾಟಲಿ ಬಿಸಿಲಲ್ಲಿ ಐಸ್ ಇಲ್ದೆ ಬಂತು, ಬಾಕ್ಸ್ ಮುಟ್ಟಿದ್ರೆ ಬೆಚ್ಚಗಿತ್ತು, ಗೈಡ್ ಮೇಡಂ ಹಾಗೇ ವಾಪಸ್ ಕಳ್ಸಿದ್ರು, ಮೂರು ವಾರ ಹೋಯ್ತು.

ಒಟ್ಟು 20 ಇಲಿ. ಸಲೈನ್ ಕೊಟ್ಟಿದ್ದು 6, ಬರೀ ಎಥನಾಲ್ ಕೊಟ್ಟಿದ್ದು 6 (ಎಥನಾಲೇ ಸ್ವಲ್ಪ ಗಾಯ ಮಾಡತ್ತೆ, ಅದನ್ನ ಬೇರೆ ಲೆಕ್ಕ ಹಾಕ್ಬೇಕಲ್ಲ), ಟಿಎನ್‌ಬಿಎಸ್ 8. ಇಲ್ಲಿ ಮಾತ್ರ ಎಂಟ್ಯಾಕೆ ಅನ್ನೋದೇ ಕಮಿಟಿ ತಕರಾರು. ಕೆಲವು ಉಳಿಯಲ್ಲ ಸರ್ ಅಂತ ಬರೆದುಕೊಟ್ಟೆ. ಆಗ ಸಿಟ್ಟು ಬಂದಿತ್ತು, ಈಗ ಯೋಚ್ನೆ ಮಾಡಿದ್ರೆ ಅವರು ಕೇಳಿದ್ದು ಸರಿನೇ, ಎಷ್ಟು ಪ್ರಾಣಿ, ಯಾಕೆ, ತೂಕ ಎಷ್ಟಿಳಿದ್ರೆ ನಿಲ್ಲಿಸ್ತೀರಾ ಅನ್ನೋದು ಮೊದಲೇ ಬರೆದಿಟ್ಟಿರ್ಲಿಲ್ಲ ಅಂದಿದ್ರೆ 4ನೇ ದಿನ ನಂಗೆ ಕೈಕಾಲೇ ಆಡ್ತಿರ್ಲಿಲ್ಲ.

ಬಲೂನು

ಇಡೀ ಪ್ರಾಜೆಕ್ಟಲ್ಲಿ ನಂಗೆ ಖುಷಿ ಕೊಟ್ಟ ಭಾಗ ಇದೊಂದೇ. ಇಲಿ ಬಾಯ್ಬಿಟ್ಟು ಹೇಳಲ್ಲ, ಕಾಲು ನೋವಾದ್ರೆ ಎತ್ಕೊಳತ್ತೆ ಆದ್ರೆ ಕರುಳು ನೋವಾದ್ರೆ ಏನು ಮಾಡತ್ತೆ? 1988ರಲ್ಲಿ ನೆಸ್ ಮತ್ತೆ ಗೆಬ್‌ಹಾರ್ಟ್ ಅಂತ ಇಬ್ರು ಇದಕ್ಕೊಂದು ದಾರಿ ಪಕ್ಕಾ ಮಾಡಿದ್ರು, ಕರುಳೊಳಗೆ ಬಲೂನಿಟ್ಟು ಊದೋದು, ನೋವಾದಾಗ ಹೊಟ್ಟೆ ಸ್ನಾಯು ತಾನಾಗೇ ಬಿಗಿಯಾಗತ್ತೆ, ಅದನ್ನ ಅಳೆಯೋದು. ದೊಡ್ಡ ಲ್ಯಾಬುಗಳಲ್ಲಿ ಸ್ನಾಯುವಿಗೆ ವೈರ್ ಹಾಕಿ ಇಎಂಜಿ (ಸ್ನಾಯುವಿನ ವಿದ್ಯುತ್ ರೆಕಾರ್ಡಿಂಗ್) ತಗೋತಾರೆ, ಬಲೂನಿನ ಒತ್ತಡ ತಾನೇ ಒಂದೇ ಸಮ ಇಡೋ ಬಾರೋಸ್ಟಾಟ್ ಮಷೀನ್ ಇರತ್ತೆ. ನಮ್ಹತ್ರ ಇರೋದು ಬಿಪಿ ನೋಡೋ ಮರ್ಕ್ಯುರಿ ಉಪಕರಣ.

ಸರ್ಜಿಕಲ್ ಗ್ಲೌಸಿನ ಒಂದು ಬೆರಳು ಕತ್ತರಿಸಿ, ಮಕ್ಕಳಿಗೆ ಹಾಲು ಕೊಡೋ ಫೀಡಿಂಗ್ ಟ್ಯೂಬಿನ ತುದಿಗೆ ಸೇರಿಸಿ ರೇಷ್ಮೆ ದಾರದಲ್ಲಿ ಬಿಗಿದೆ, ಇನ್ನೊಂದು ತುದಿಗೆ ಟಿ ಕನೆಕ್ಟರ್, ಒಂದು ಕಡೆ ಬಿಪಿ ಮೀಟರ್ ಇನ್ನೊಂದು ಕಡೆ ಊದೋ ಬಲ್ಬು. ಪಂಕ್ಚರ್ ಅಂಗಡೀಲಿ ಟ್ಯೂಬ್ ನೀರಲ್ಲಿ ಅದ್ದಿ ನೋಡ್ತಾರಲ್ಲ ಹಾಗೆ ಬಕೆಟ್ಟಲ್ಲಿ ಅದ್ದಿ ನೋಡಿದೆ, ಮೊದಲ ಐದೂ ಗುಳುಗುಳು. ಗಂಟು ಹಾಕೋ ಜಾಗದಲ್ಲಿ ಟ್ಯೂಬಿನ ಮೇಲೆ ಒಂದು ಸುತ್ತು ಟೇಪ್ ಹಾಕಿ ಅದರ ಮೇಲೆ ದಾರ ಬಿಗಿದ ಮೇಲೆ ನಿಂತ್ಕೊಂಡ್ತು. ಇನ್ನೊಂದು, ಹೊಸ ರಬ್ಬರ್ ಗಟ್ಟಿ ಇರತ್ತೆ, ಊದಿದಾಗ ಮೀಟರಲ್ಲಿ ತೋರಿಸೋದು ರಬ್ಬರಿನ ಬಿಗಿ, ಕರುಳಿನದ್ದಲ್ಲ. ಹಿಂದಿನ ರಾತ್ರಿಯೇ ಊದಿ ಹಾಗೇ ಬಿಟ್ರೆ ಬೆಳಿಗ್ಗೆ ಹಳೇ ಸಾಕ್ಸ್ ಥರ ಜೋಲು ಬಿದ್ದಿರತ್ತೆ, ಅಂಥದ್ದೇ ಬೇಕು. ಇದನ್ನ ನಾನು ಒಂದು ವಾರದ ಡೇಟಾ ಎಸೆದ ಮೇಲೆ ಕಲ್ತಿದ್ದು.

ಸ್ವಲ್ಪ ಹೊತ್ತು ಐಸೋಫ್ಲೂರೇನ್ (ಮೂಸಿಸಿ ಪ್ರಜ್ಞೆ ತಪ್ಪಿಸೋ ಔಷಧಿ) ಕೊಟ್ಟು ಬಲೂನಿಟ್ಟು, ಟ್ಯೂಬ್ ಬಾಲಕ್ಕೆ ಟೇಪ್ ಮಾಡಿ, ಪೂರ್ತಿ ಎಚ್ಚರ ಆಗೋಕೆ ಅರ್ಧ ಗಂಟೆ ಬಿಟ್ಟು, 20, 40, 60, 80 ಎಂಎಂ ಒತ್ತಡ, ಒಂದೊಂದೂ 20 ಸೆಕೆಂಡು, ಮಧ್ಯ ಐದೈದು ನಿಮಿಷ ರೆಸ್ಟು. ಸ್ಕೋರ್ 0ರಿಂದ 4. ಏನೂ ಮಾಡ್ದಿದ್ರೆ 0, ತಲೆ ಸ್ವಲ್ಪ ಆಡಿಸಿ ಸುಮ್ನಾದ್ರೆ 1, ಹೊಟ್ಟೆ ಬಿಗಿದ್ರೆ 2, ಹೊಟ್ಟೆ ನೆಲ ಬಿಟ್ಟು ಮೇಲೆದ್ರೆ 3, ಬೆನ್ನು ಕಮಾನಾಗಿ ಸೊಂಟ ಸಮೇತ ಎದ್ರೆ 4. ಓದೋಕೆ ಸುಲಭ, 2 ಯಾವ್ದು 3 ಯಾವ್ದು ಅಂತ ನಾನೂ ಜೂನಿಯರ್ರೂ ಜಗಳ ಆಡಿದ್ದೇ ಆಡಿದ್ದು. ಕೊನೆಗೆ ಮೊಬೈಲ್ ಕ್ಯಾಮೆರಾನ ನೆಲದ ಮಟ್ಟಕ್ಕಿಟ್ಟೆ. ಹೊಟ್ಟೆ ಕೆಳಗೆ ಹಿಂದಿನ ಗೋಡೆಯ ಬಿಳಿ ಗೆರೆ ಕಂಡ್ರೆ 3, ಇಲ್ದಿದ್ರೆ 2, ಮಾತು ಮುಗೀತು.

1ರಿಂದ 7ನೇ ದಿನ

ಟಿಎನ್‌ಬಿಎಸ್ ಕೊಟ್ಟ ಮೇಲೆ ಬಾಲ ಹಿಡಿದು ತಲೆ ಕೆಳಗೆ ಮಾಡಿ ಸ್ವಲ್ಪ ಹೊತ್ತು ಇಟ್ಕೋಬೇಕು, ಇಲ್ಲಾಂದ್ರೆ ಹೊರಗೆ ಬಂದ್ಬಿಡತ್ತೆ. 7ನೇ ನಂಬರ್ ಇಲಿಯದ್ದು ಕೈಮೇಲೇ ಸೋರ್ತು. ಎಷ್ಟು ಒಳಗೆ ಹೋಯ್ತು ಗೊತ್ತಿಲ್ಲ, ಹಾಗಾಗಿ ಅದು ಲೆಕ್ಕದಿಂದ ಔಟ್.

ಮೂರನೇ ದಿನದಿಂದ ಭೇದಿ, ರಕ್ತ, ಕೂದಲು ಕೆದರಿ ಮಂಕಾಗಿ ಮೂಲೇಲಿ ಕೂತ್ವು. ಇಲಿ ಮುಖ ನೋಡಿ ನೋವು ಹೇಳೋ ಗ್ರಿಮೇಸ್ ಸ್ಕೇಲ್ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದೀನಿ. ತಮಾಷೆ ಅಂದ್ರೆ ನೋವಾದಾಗ ಚಿಟ್ಟಿಲಿಗೆ ಮೂಗು ಕೆನ್ನೆ ಉಬ್ಬತ್ತೆ, ಈ ದೊಡ್ಡ ಇಲಿಗೆ ಉಲ್ಟಾ, ಚಪ್ಪಟೆ ಆಗತ್ತೆ. ನಾನು ಮೊದಲೆರಡು ದಿನ ಚಿಟ್ಟಿಲಿ ಚಾರ್ಟ್ ಇಟ್ಕೊಂಡು ಎಲ್ಲಾ ಆರಾಮಾಗಿವೆ ಅಂತ ಬರೀತಿದ್ದೆ! 4ನೇ ದಿನ 11ನೇ ನಂಬರ್ ಇಲಿ ತೂಕ ಇಳಿದಿದ್ದು ನೂರಕ್ಕೆ ಇಪ್ಪತ್ತರ ಗಡಿ ದಾಟ್ತು. ಬರೆದುಕೊಟ್ಟಿದ್ದೆವಲ್ಲ, ಅವತ್ತೇ ಮಧ್ಯಾಹ್ನ ಮುಗಿಸಿದ್ವಿ. ಊಟ ಮಾಡೋಕಾಗ್ಲಿಲ್ಲ. ಎಂಟರಲ್ಲಿ ಆರು ಉಳೀತು.

7ನೇ ದಿನದ ಬಲೂನ್ ಟೆಸ್ಟಲ್ಲಿ ವಿಚಿತ್ರ ಆಯ್ತು. ಬೆಳಿಗ್ಗೆ ನಾನು ಮಾಡಿದಾಗ ಕಾಯಿಲೆ ಇಲಿಗಳು 40ಕ್ಕೇ ಹೊಟ್ಟೆ ಎತ್ತಿದ್ವು, ಮಧ್ಯಾಹ್ನದ ಬ್ಯಾಚಲ್ಲಿ ಎಲ್ಲಾ ಶಾಂತ. ಬಲೂನ್ ಚೆಕ್ ಮಾಡಿದೆ, ಸರಿ ಇತ್ತು. ಬೇರೆ ಇದ್ದಿದ್ದು ಒಂದೇ, ಮಧ್ಯಾಹ್ನ ಇಲಿ ಹಿಡ್ಕೊಂಡಿದ್ದು ಅನಿಮಲ್ ಹೌಸ್ ಅಣ್ಣ. ಮೇಡಂ ನಕ್ಕು 2014ರ ಒಂದು ಪೇಪರ್ ಕೊಟ್ರು, ಮೆಕ್‌ಗಿಲ್ ಯೂನಿವರ್ಸಿಟಿ ಜೆಫ್ರಿ ಮೊಗಿಲ್ ಲ್ಯಾಬಿಂದು, ಗಂಡಸರು ಹತ್ರ ಇದ್ರೆ ಇಲಿಗಳಿಗೆ ಸ್ಟ್ರೆಸ್ ಆಗಿ ನೋವೇ ಕಮ್ಮಿ ತೋರಿಸ್ತಾವಂತೆ, ಮನುಷ್ಯನೇ ಬೇಡ, ಗಂಡಸರು ರಾತ್ರಿ ಹಾಕ್ಕೊಂಡಿದ್ದ ಟಿ-ಶರ್ಟ್ ಪಕ್ಕದಲ್ಲಿಟ್ರೂ ಸಾಕಂತೆ. ನಮ್ದೂ ಅದೇ ಕಾರಣಾನಾ ಅಂತ ಗ್ಯಾರಂಟಿ ಹೇಳಲ್ಲ, ಒಂದು ಮಧ್ಯಾಹ್ನದ ಮಾತು. ಆದ್ರೂ ಅವತ್ತಿಂದ ಟೆಸ್ಟ್ ರೂಮಿಗೆ ನಾನೊಬ್ಳೇ. ಅಣ್ಣಂಗೆ ಹೇಳಿದ್ರೆ, "ದಿನಾ ಊಟ ಹಾಕೋನು ನಾನು, ನನ್ನೇ ಕಂಡ್ರೆ ಆಗಲ್ವಾ ಇವಕ್ಕೆ" ಅಂತ ನಿಜವಾಗ್ಲೂ ಬೇಜಾರು ಮಾಡ್ಕೊಂಡ್ರು.

28ನೇ ದಿನ

ತೂಕ ವಾಪಸ್ ಬಂದಿದೆ, ಭೇದಿ ಇಲ್ಲ, ಕೂದಲು ಮಿಂಚ್ತಿದೆ, ಹೊರಗಿಂದ ನೋಡಿದ್ರೆ ಯಾವುದು ಯಾವ ಗುಂಪು ಅಂತ ಗೊತ್ತೇ ಆಗಲ್ಲ. ಆದ್ರೆ ನಂಗೆ ಗೊತ್ತು, ಅದೇ ಪ್ರಾಬ್ಲಂ. ರಕ್ತ ಯಾವ ಪಂಜರದಲ್ಲಿ ಬಿತ್ತು ಅಂತ ಕಣ್ಣಾರೆ ನೋಡಿದವಳು ನಾನು ಬ್ಲೈಂಡ್ (ಯಾವ ಗುಂಪು ಅಂತ ಗೊತ್ತಿಲ್ದೆ ಸ್ಕೋರ್ ಮಾಡಿದ್ದು) ಅಂತ ಹೇಗೆ ಬರ್ಕೊಳ್ಳಿ? ಅದಕ್ಕೆ ಇವತ್ತಿನ ಬಲೂನ್ ಟೆಸ್ಟ್ ವಿಡಿಯೋಗಳಿಗೆ ಮೇಡಂ ಬೇರೆ ಕೋಡ್ ಕೊಟ್ಟು, ಮೊದಲ ವಾರ ಅನಿಮಲ್ ಹೌಸ್ ಕಡೆ ತಲೆನೇ ಹಾಕದ ಇನ್ನೊಬ್ಬ ಜೂನಿಯರ್ ಹತ್ರ ಸ್ಕೋರ್ ಮಾಡಿಸ್ತಿದಾರೆ.

ಚಿಕ್ಕಪ್ಪ ನಿನ್ನೆ ಫೋನ್ ಮಾಡಿದ್ರು, "ಪುಟ್ಟಿ, ಗಾಯ ಆರಿದ್ಮೇಲೂ ನೋವು ಯಾಕಂತೆ, ಗೊತ್ತಾಯ್ತಾ?" ಅಂತ. ಕರುಳಿನ ನರಗಳಲ್ಲಿ ಕೆಲವು ಮಾಮೂಲಿಯಾಗಿ ಮಲಗಿರ್ತಾವೆ ಚಿಕ್ಕಪ್ಪ, ಎಷ್ಟು ಹಿಗ್ಗಿಸಿದ್ರೂ ಮಾತಾಡಲ್ಲ, ಉರಿಯೂತ ಬಂದಾಗ ಏಳ್ತಾವೆ, ಆಮೇಲೆ ಕೆಲವು ಮತ್ತೆ ಮಲಗಲ್ಲ ಅಂತ ಕಾಣತ್ತೆ ಅಂದೆ. ಮೆಣಸಿನಕಾಯಿ ಖಾರಕ್ಕೆ ಉರಿಯತ್ತಲ್ಲ, ಅದೇ ಟಿಆರ್‌ಪಿವಿ1 ಅನ್ನೋ ಬಾಗಿಲು ಆ ನರಗಳಲ್ಲೂ ಜಾಸ್ತಿ ಸಲೀಸಾಗಿ ತೆಗೆಯತ್ತೆ ಅಂತಾನೂ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ಇದನ್ನ ಒಂದು ಹಾಳೇಲಿ ಬರ್ದು ಕಳ್ಸು, ನಿಮ್ಮ ಚಿಕ್ಕಮ್ಮಂಗೆ ತೋರಿಸ್ಬೇಕು" ಅಂದ್ರು.

ಗುರುವಾರ ಕರುಳು ತೆಗೆದು ಉದ್ದ ತೂಕ ನೋಡಿ, ಒಂದು ತುಂಡು ಎಂಪಿಒ ಟೆಸ್ಟಿಗೆ (ಉರಿಯೂತ ಎಷ್ಟಿದೆ ಅಂತ ಹೇಳೋ ಕಿಣ್ವ), ಒಂದು ಸ್ಲೈಡ್ ಮಾಡೋಕೆ ಫಾರ್ಮಲಿನ್‌ಗೆ. ಒಳಗೆ ಉರಿಯೂತ ನಿಜವಾಗ್ಲೂ ಹೋಗಿದೆ ಅಂತ ಸ್ಲೈಡ್ ಹೇಳಿದ್ರೆ ಮಾತ್ರ ಇವತ್ತಿನ ಸ್ಕೋರಿಗೆ ಬೆಲೆ, ಇಲ್ಲಾಂದ್ರೆ ನಾನು ಅಳೆದಿದ್ದು ಮಾಮೂಲಿ ಗಾಯದ ನೋವೇ. ಕೋಡ್ ಇರೋ ಕವರ್ ಮೇಡಂ ಡ್ರಾಯರಲ್ಲಿದೆ. ಇವತ್ತು ಎರಡು ಸಲ ಬೇರೆ ಏನೋ ನೆಪ ಮಾಡ್ಕೊಂಡು ಅವರ ರೂಮಿಗೆ ಹೋಗ್ಬಂದೆ, ಬೀಗ ಹಾಕಿತ್ತು.