ಬಾಗಿದ ಕೆಲಸಕ್ಕೆ ಬಾಗಿದ ಕಟ್ಟಿಗೆ

ಕೊಪ್ಪಳದಲ್ಲಿ ನಮ್ಮ ಮನೆಯ ಹಿತ್ತಲಲ್ಲೇ ನನ್ನ ವರ್ಕ್‌ಶಾಪ್. ಮೇಲೆ ತಗಡು, ಕೆಳಗೆ ಶಹಾಬಾದ್ ಫರಸಿ, ನಡುವೆ ಅಪ್ಪನ ಕಾಲದ ಬೆಂಚು. 22 ವರ್ಷದಿಂದ ಬಾಗಿಲು, ಚೌಕಟ್ಟು, ಮಂಚ, ದೇವರ ಮಂಟಪ ಮಾಡುತ್ತಿದ್ದೇನೆ. ಕಟ್ಟಿಗೆ ನನಗೆ ಗೊತ್ತು ಅನ್ನುವ ಧೈರ್ಯ ಇತ್ತು. ಹೋದ ವರ್ಷ ಬಂದ ಒಂದು ಕೆಲಸ ನನ್ನನ್ನು ಮತ್ತೆ ಅಪ್ಪನ ಹತ್ತಿರ ಪಾಠಕ್ಕೆ ಕೂರಿಸಿತು.

ಗಂಗಾವತಿ ಕಡೆಯ ಒಬ್ಬ ದೈಹಿಕ ಶಿಕ್ಷಕರು ಬಂದಿದ್ದರು. ಕೈಯಲ್ಲಿ ಒಂದು ಕ್ರಾಸ್‌ಬೋ. ಅಡ್ಡಬಿಲ್ಲು ಅಂದರೆ ಗೊತ್ತಲ್ವಾ, ಬಿಲ್ಲನ್ನು ಒಂದು ಉದ್ದನೆಯ ದಿಂಡಿನ ತುದಿಗೆ ಅಡ್ಡ ಕೂರಿಸಿರುತ್ತಾರೆ. ಹೆದೆಯನ್ನು ಹಿಂದಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸಬೇಕು. ಆಮೇಲೆ ಬಂದೂಕಿನ ಹಾಗೆ ಹೆಗಲಿಗೆ ಕೊಟ್ಟು ಟ್ರಿಗರ್ ಒತ್ತಬೇಕು. ಆ ದಿಂಡಿಗೇ ಸ್ಟಾಕ್ ಅನ್ನುತ್ತಾರೆ. ಸರ್‌ಗೆ ಗುರಿ ಹೊಡೆಯುವ ಆಟದ ಹುಚ್ಚು. ಯುರೋಪಿನಲ್ಲಿ ಇದಕ್ಕೆ 10 ಮೀಟರ್, 30 ಮೀಟರ್ ಸ್ಪರ್ಧೆಗಳಿವೆ, 1956ರಲ್ಲೇ ಇದಕ್ಕೊಂದು ಅಂತರರಾಷ್ಟ್ರೀಯ ಸಂಘ ಶುರುವಾಯಿತು ಅಂತ ಅವರೇ ಹೇಳಿದರು. ಅವರ ಕಷ್ಟ ಬೇರೆ. ಅವರು ಎಡಗೈಯವರು, ತೋಳು ಉದ್ದ. ಆ ಪ್ಲಾಸ್ಟಿಕ್ ಸ್ಟಾಕ್ ಹೆಗಲಿಗೆ ಕೊಟ್ಟರೆ ಕತ್ತು ಕುಗ್ಗಿಸಿ ನೋಡಬೇಕಾಗುತ್ತಿತ್ತು.

"ಬಡಿಗೇರ್ರೆ, ನನ್ನ ಮೈಗೆ ಹೊಂದೋ ಹಾಗೆ ಕಟ್ಟಿಗೆಯಲ್ಲಿ ಮಾಡಿ ಕೊಡ್ತೀರಾ?" ಅಂದರು.

ಮಾಡಿಕೊಡುತ್ತೇನೆ ಅಂದೆ. 8 ದಿನ ಸಾಕು ಅಂತಲೂ ಅಂದೆ.

ಅಂಗಳದಲ್ಲಿ ನನ್ನ ಹತ್ತಿರ ಒಂದು ಸಾಗವಾನಿ ಹಲಗೆ ಇತ್ತು. 2 ಇಂಚು ದಪ್ಪ, ಚೆನ್ನಾಗಿ ಒಣಗಿದ್ದು, ಒಂದು ಗಂಟೂ ಇಲ್ಲ. ಪ್ಲಾಸ್ಟಿಕ್ ಸ್ಟಾಕನ್ನೇ ಅದರ ಮೇಲೆ ಮಲಗಿಸಿ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಹಿಂದೆ ಒಂದಿಷ್ಟು ಉದ್ದ ಜಾಸ್ತಿ ಬಿಟ್ಟೆ. ಗರಗಸ ಹಾಕಿ ಕೊಯ್ದು, ಅರ ಹಾಕಿ ಉಜ್ಜಿ, ನಾಲ್ಕೇ ದಿನದಲ್ಲಿ ರೂಪಕ್ಕೆ ತಂದೆ. ನೋಡಲು ಬಹಳ ಚಂದ ಇತ್ತು. ಐದನೇ ದಿನ ಬೆಂಚಿನ ಅಂಚಿನಿಂದ ಜಾರಿ ಫರಸಿ ಮೇಲೆ ಬಿತ್ತು. ಸೊಂಟದ ಎತ್ತರದಿಂದ ಅಷ್ಟೆ. ಕೈ ಹಿಡಿಯುವ ಜಾಗದಲ್ಲಿ, ಅಂದರೆ ಸ್ಟಾಕಿನ ಕೊರಳಲ್ಲಿ, ಎರಡು ತುಂಡಾಯಿತು.

ಮುರಿದ ಜಾಗ ನೋಡಿದಾಗ ನನಗೆ ಕಾರಣ ಕಂಡಿತು. ಅಡ್ಡಕ್ಕೆ ಮುರಿದಿರಲಿಲ್ಲ. ಓರೆಯಾಗಿ, ನುಣ್ಣಗೆ, ಕಟ್ಟಿಗೆಯ ಎಳೆ, ಅಂದರೆ ನಾರು ಹೋದ ಕಡೆಗೇ ಸೀಳಿಕೊಂಡು ಬಿಟ್ಟಿತ್ತು. ಹಲಗೆಯ ಎಳೆ ನೇರ ಇತ್ತು. ಆದರೆ ಕೊರಳು ಕೆಳಕ್ಕೆ ಬಾಗುತ್ತದೆ. ನೇರ ಎಳೆಯ ಹಲಗೆಯಲ್ಲಿ ಬಾಗಿದ ರೂಪ ಕೊಯ್ದರೆ, ಆ ಬಾಗಿನಲ್ಲಿ ಪ್ರತಿ ಎಳೆಯೂ ತುಂಡಾಗುತ್ತದೆ. ಮುಂಗೈ ದಪ್ಪ ಕಂಡರೂ ಒಳಗೆ ಇರುವುದು ಒಂದರ ಮೇಲೊಂದು ಅಂಟಿಕೊಂಡ ಗಿಡ್ಡ ಎಳೆಗಳು ಮಾತ್ರ. ತಪ್ಪು ಸಾಗವಾನಿಯದಲ್ಲ, ನಾನು ಗೆರೆ ಎಳೆದ ರೀತಿಯದು.

ಬಾಗಿಲು, ಮಂಚ ಮಾಡುವವನಿಗೆ ಇದು ಯಾಕೆ ಹೊಳೆಯಲಿಲ್ಲ ಅಂದರೆ, ನಮ್ಮ ಕೆಲಸದಲ್ಲಿ ಎಲ್ಲವೂ ನೇರ. ಚೌಕಟ್ಟಿನ ಕಂಬ ನೇರ, ಪಟ್ಟಿ ನೇರ. ಎಳೆ ತಾನೇ ಸರಿಯಾಗಿ ಕೂರುತ್ತದೆ. ಮಂಚದ ತಲೆಯ ಕಡೆ ಒಂದು ಕಮಾನು ಕೊಯ್ದರೂ ಅದರ ಮೇಲೆ ಭಾರ ಬೀಳುವುದಿಲ್ಲ, ಸುಮ್ನೆ ಅಂದಕ್ಕೆ ಇರುತ್ತದೆ.

ಅವತ್ತು ಸಂಜೆ ಒಂದು ಯೋಚನೆ ಬಂದದ್ದು ನಿಜ. ಎಪಾಕ್ಸಿ ಹಾಕಿ ಜೋಡಿಸಿ, ಒಳಗೆ ಒಂದು ಗೂಟ ಇಟ್ಟು, ಮೇಲೆ ಪಾಲಿಶ್ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸರ್ ಅದನ್ನು ಕೆನ್ನೆಗೆ ಒತ್ತಿ ಹಿಡಿಯುವವರು. ಹೆದೆ ಎಳೆಯಲು 150 ಪೌಂಡ್, ಅಂದರೆ 68 ಕಿಲೋ ಬಲ ಬೇಕು. ಒಂದು ಸಿಮೆಂಟ್ ಚೀಲದ ಭಾರಕ್ಕಿಂತ ಜಾಸ್ತಿ. ಅಂಥದ್ದರಲ್ಲಿ ಮುಚ್ಚಿಟ್ಟ ಬಿರುಕು ಬಿಟ್ಟು ಕೊಡಲು ಮನಸ್ಸು ಒಪ್ಪಲಿಲ್ಲ. ಅವತ್ತೇ ರಾತ್ರಿ ಫೋನ್ ಮಾಡಿ, "ಸರ್, ಮುರಿಯಿತು. ತಪ್ಪು ನನ್ನದು. ಹೊಸದಾಗಿ ಮಾಡುತ್ತೇನೆ, ತಡ ಆಗುತ್ತದೆ" ಅಂದೆ. ಅವರು ಬೈಯಲಿಲ್ಲ. "ನನ್ನ ಹೆಗಲ ಮೇಲೆ ಮುರಿಯಲಿಲ್ಲವಲ್ಲ, ಬಿಡಿ" ಅಂದರು.

ಅಪ್ಪನಿಗೆ ಈಗ 78. ಅವರು ಬಾಗಿಲು ಮಾಡಿದ್ದು ಕಡಿಮೆ. ಜೀವನಪೂರ್ತಿ ನೇಗಿಲು, ಕುಂಟೆ, ಕೂರಿಗೆ, ಬಂಡಿ ಗಾಲಿ ಮಾಡಿದವರು. ಮುರಿದ ತುಂಡನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಎಳೆ ಸವರಿ ನೋಡಿ, ಒಂದೇ ಮಾತು ಕೇಳಿದರು.

"ನೇಗಿಲಾ ಹಲಗ್ಯಾಗ ಕೊಯ್ತಾರೇನಪ್ಪಾ?"

ಇಲ್ಲ, ಕೊಯ್ಯುವುದಿಲ್ಲ. ನಾನು ಚಿಕ್ಕವನಿದ್ದಾಗ ಅವರ ಜೊತೆ ಯಲಬುರ್ಗಾ ಕಡೆಯ ಹೊಲಗಳಿಗೆ ಹೋಗುತ್ತಿದ್ದೆ. ಬದುವಿನ ಮೇಲಿನ ಜಾಲಿ ಮರಗಳ ಸುತ್ತ ಅವರು ಸುತ್ತು ಹಾಕುತ್ತಿದ್ದರು. ನೆಟ್ಟಗಿನ ಮರದ ಕಡೆ ನೋಡುತ್ತಲೇ ಇರಲಿಲ್ಲ. ಎಲ್ಲಿ ಮರ ತಾನಾಗಿ ಬಾಗಿದೆ, ಎಲ್ಲಿ ಕೊಂಬೆ ಬೊಡ್ಡೆಯಿಂದ ಕವಲೊಡೆದಿದೆ ಅಂತ ಹುಡುಕುತ್ತಿದ್ದರು. ಅಲ್ಲಿ ಎಳೆಯೂ ಮರದ ಜೊತೆ ಬಾಗಿರುತ್ತದೆ. ಆ ತುಂಡಿನಲ್ಲಿ ನೇಗಿಲು ಕಡೆದರೆ ಒಂದು ಎಳೆಯೂ ಕಡಿಯುವುದಿಲ್ಲ. ಎತ್ತು ಎಳೆದಾಗ ಕಲ್ಲಿಗೆ ಸಿಕ್ಕರೂ ತಡೆದುಕೊಳ್ಳುತ್ತದೆ. ನಾನು ಇದನ್ನೆಲ್ಲ ನೋಡುತ್ತಾ ಬೆಳೆದವನು. ಆದರೂ ಅದು ನೇಗಿಲಿಗೆ ಸೇರಿದ ಮಾತು ಅಂದುಕೊಂಡಿದ್ದೆ.

ಜಾಲಿ ಅಂದಾಗ ಒಂದು ಮಾತು. ನಾನು ಹೇಳುತ್ತಿರುವುದು ಕರಿಜಾಲಿ, ಹಳದಿ ಚೆಂಡಿನಂಥ ಹೂ ಬಿಡುತ್ತದಲ್ಲ, ಅದು. ರಸ್ತೆ ಬದಿಯಲ್ಲಿ, ಕೆರೆ ಅಂಗಳದಲ್ಲಿ ತುಂಬಿಕೊಂಡಿರುವ ಬಳ್ಳಾರಿ ಜಾಲಿ ಬೇರೆ. ಅದು ಅಮೆರಿಕ ಖಂಡದ ಕಡೆಯಿಂದ ಬಂದ ಗಿಡ. ಹೆಸರಲ್ಲಿ ಬಳ್ಳಾರಿ ಇದೆ ಅಷ್ಟೆ. ನಮ್ಮ ಕಡೆ ಅದನ್ನು ಉರುವಲಿಗೆ, ಇದ್ದಿಲಿಗೆ ಸುಡುತ್ತಾರೆ. ಅದರ ಕೆಚ್ಚೂ ಗಟ್ಟಿಯೇ, ಆದರೆ ಇಷ್ಟು ಉದ್ದ, ದಪ್ಪದ ತುಂಡು ಸಿಗುವುದು ಕಷ್ಟ.

ಹಸಿ ಜಾಲಿ ತಂದರೆ ಈ ಕೆಲಸಕ್ಕೆ ಬರುವುದಿಲ್ಲ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ನಮ್ಮ ಲೆಕ್ಕ. ನಮ್ಮ ಕೊಪ್ಪಳದ ಬಿಸಿಲಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಬೇಗ ಒಣಗಿದ್ದು ಬೇಗ ಸೀಳುತ್ತದೆ. ಅಪ್ಪನೇ ದಾರಿ ತೋರಿಸಿದರು. ಅಟ್ಟದ ಮೇಲೆ ಒಂದು ಬಾಗಿದ ಜಾಲಿ ತುಂಡು ಇತ್ತು. ನೇಗಿಲಿಗೆ ಅಂತ ತಂದು, ಕಡಿದ ಮೇಲೆ ಹಳ್ಳದ ನೀರಲ್ಲಿ ಕೆಲವು ತಿಂಗಳು ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸಿ ಇಟ್ಟದ್ದು. ನೀರಲ್ಲಿ ನೆನೆಸಿದರೆ ರಸ ಹೊರಗೆ ಹೋಗುತ್ತದೆ, ಹುಳ ಹಿಡಿಯುವುದು ಕಡಿಮೆ. ಅಷ್ಟರಲ್ಲಿ ಊರಿಗೆ ಟ್ರ್ಯಾಕ್ಟರ್‌ಗಳು ಬಂದವು. ಆ ನೇಗಿಲನ್ನು ಯಾರೂ ಕೇಳಲಿಲ್ಲ. ತುಂಡು ಅಲ್ಲೇ ಉಳಿಯಿತು. ಕೆಳಗಿಳಿಸಿ ಧೂಳು ಒರೆಸಿ, ಒಂದು ಬದಿ ರಂದಾ ಹೊಡೆದೆ. ಒಳಗೆ ಕೆಂಪು ಕಂದು ಬಣ್ಣದ ಕೆಚ್ಚು. ಎಳೆ ಮೇಲಿನಿಂದ ಬಂದು ಮೆಲ್ಲಗೆ ಕೆಳಗಿಳಿಯುತ್ತಿತ್ತು, ನನಗೆ ಬೇಕಾದ ಕಡೆಗೇ.

ಈ ಸಲ ಗರಗಸ ಹಿಡಿಯುವ ಮೊದಲು ಅಳತೆಗೆ ಕೂತೆ. ಸರ್‌ನ ಒಂದು ಭಾನುವಾರ ಪೂರ್ತಿ ಕೂರಿಸಿಕೊಂಡೆ. ಮೊಣಕೈಯನ್ನು ಮೂಲೆಮಟ್ಟದ ಹಾಗೆ ಮಡಚಿಸಿ, ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆದೆ. 14 ಕಾಲು ಇಂಚು. ಟ್ರಿಗರ್‌ನಿಂದ ಹಿಂಬದಿಯವರೆಗೆ ಸ್ಟಾಕ್ ಸುಮಾರು ಅಷ್ಟು ಉದ್ದ ಇರಬೇಕು. ಹಳೆಯ ಪ್ಲಾಸ್ಟಿಕ್ಕಿನದು 13 ಇಂಚು ಇತ್ತು. ಆಮೇಲೆ ಪ್ಯಾಕಿಂಗ್ ಪಟ್ಟಿ, ಪ್ಲೈವುಡ್ ಸೇರಿಸಿ ಒಂದು ಒರಟು ಮಾದರಿ ಮಾಡಿದೆ. ಅದನ್ನು ಕೈಗೆ ಕೊಟ್ಟು, "ಸರ್, ಕಣ್ಣು ಮುಚ್ಚಿ ಹೆಗಲಿಗೆ ಕೊಡಿ, ಆರಾಮಾಗಿ ಕೆನ್ನೆ ಇಡಿ, ಈಗ ಕಣ್ಣು ಬಿಡಿ" ಅಂದೆ. ಕಣ್ಣು ಬಿಟ್ಟಾಗ ದೃಷ್ಟಿ ನೇರ ಗುರಿಯ ಗೆರೆಗೆ ಬಂದರೆ ಅಳತೆ ಸರಿ. ಮೊದಲ ಸಲ ಕಣ್ಣು ಗೆರೆಗಿಂತ ಕೆಳಗೆ ನಿಂತಿತು. ಕೆನ್ನೆ ಇಡುವ ಜಾಗಕ್ಕೆ ರಟ್ಟು ಅಂಟಿಸುತ್ತಾ ಹೋದೆ. ಏಳನೇ ಸಲಕ್ಕೆ ಅವರ ಮುಖದಲ್ಲಿ ನಗು ಬಂತು. ಎಡಗೈಯವರಾದ್ದರಿಂದ ಕೆನ್ನೆಯ ಉಬ್ಬು ಸ್ಟಾಕಿನ ಬಲಬದಿಗೆ ಬೇಕಾಗಿತ್ತು. ಮೊದಲನೆಯದರಲ್ಲಿ ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ.

ಕಡೆಯುವ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಟ್ರಿಗರ್ ಪೆಟ್ಟಿಗೆ ಕೂರುವ ಗುಂಡಿ. ಟ್ರಿಗರ್, ಸೇಫ್ಟಿ ಎಲ್ಲ ಹಳೆಯದೇ. ಅದಕ್ಕೆ ನಾನು ಕೈ ಹಾಕಲಿಲ್ಲ. ಬಡಗಿಗೆ ಅದು ಸಂಬಂಧವಿಲ್ಲದ ಕೆಲಸ. ಆದರೆ ಆ ಲೋಹದ ಪೆಟ್ಟಿಗೆ ಕಟ್ಟಿಗೆಯಲ್ಲಿ ಸ್ವಲ್ಪವೂ ಅಲ್ಲಾಡಬಾರದು. ಹೆದೆ ಅದನ್ನು ಮುಂದಕ್ಕೆ ಎಳೆಯುತ್ತದೆ, ಆ ಎಳೆತವನ್ನೆಲ್ಲ ಗುಂಡಿಯ ಮುಂದಿನ ಗೋಡೆ ತಡೆಯಬೇಕು. ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಪೆಟ್ಟಿಗೆ ಹಿಡಿದು ಮಸಿ ಹತ್ತಿಸಿದೆ. ಗುಂಡಿಯಲ್ಲಿ ಇಟ್ಟು ತೆಗೆದರೆ, ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಇಡುವುದು. ಎರಡು ದಿನ ಇದೇ. ಕೊನೆಗೆ ಮುಂದಿನ ಗೋಡೆ ಪೂರ್ತಿ ಒಂದೇ ಸಮ ಕಪ್ಪಾಯಿತು. ಆವಾಗ ನನಗೆ ಸಮಾಧಾನ.

ಇಲ್ಲಿ ಇನ್ನೊಂದು ಅಭ್ಯಾಸ ಬಿಡಬೇಕಾಯಿತು. ಚೌಕಟ್ಟಿನ ಗುಂಡಿ ಮಾಡುವಾಗ ಮೂಲೆ ಚೂಪಾಗಿ ಬಂದರೆ ನಮಗೆ ಹೆಮ್ಮೆ. ಎಳೆತ ಬೀಳುವ ಜಾಗದಲ್ಲಿ ಚೂಪು ಮೂಲೆಯೇ ಬಿರುಕಿನ ಬಾಗಿಲು. ನಾಲ್ಕೂ ಮೂಲೆಗೆ ಮೊದಲು ಡ್ರಿಲ್ ಹಾಕಿ ದುಂಡು ಮಾಡಿಕೊಂಡೆ, ಆಮೇಲೆ ನಡುವೆ ಕಡೆದೆ.

ಬಿಲ್ಲು ಕೂರುವ ಮುಂದಿನ ತುದಿಯಲ್ಲಿ ಕಣ್ಣಳತೆ ನಂಬಿದೆ, ಅದೂ ತಪ್ಪಾಯಿತು. ಹಿಗ್ಗದ ನೂಲು ತೆಗೆದುಕೊಂಡು ಕೊಕ್ಕೆಯ ನಡುವಿನಿಂದ ಬಿಲ್ಲಿನ ಎರಡೂ ತುದಿಗೆ ಅಳೆದು ನೋಡಿದರೆ 2 ಮಿಲಿಮೀಟರ್ ವ್ಯತ್ಯಾಸ. ಮಂಚದಲ್ಲಿ 2 ಮಿಲಿಮೀಟರ್ ಯಾರೂ ನೋಡುವುದಿಲ್ಲ. ಇಲ್ಲಿ ಹೆದೆ ಒಂದು ಬದಿಗೆ ಜಾಸ್ತಿ ಎಳೆಯುತ್ತದೆ, ಬಾಣ ಓರೆ ಹೋಗುತ್ತದೆ. ಒಂದು ಬದಿ ಕೆರೆದು, ಇನ್ನೊಂದು ಬದಿಗೆ ತೆಳು ಪಟ್ಟಿ ಕೊಟ್ಟು ಸರಿ ಮಾಡಿದೆ. ಬಾಣ ಕೂರುವ ಕಾಲುವೆಯನ್ನು ಮಾತ್ರ ಅವಸರ ಮಾಡದೆ ನೇರವಾಗಿ ತೆಗೆದೆ. ಹೆದೆ ಅದರ ಮೇಲೆ ಮೆಲ್ಲಗೆ ತಾಗಿಕೊಂಡು ಜಾರಬೇಕು. ಒತ್ತಿ ಕೂತರೆ ಹೆದೆ ಬೇಗ ಸವೆಯುತ್ತದೆ.

ಮುಂದಿನ ಕೈ ಹಿಡಿಯುವ ಕಡೆ ಎರಡೂ ಬದಿಗೆ ಒಂದೊಂದು ಅಂಚು ಬಿಟ್ಟೆ. ಹೆಬ್ಬೆರಳು ಮರೆತೂ ಹೆದೆಯ ದಾರಿಗೆ ಏರಬಾರದು ಅಂತ. ಇದು ಸರ್ ಕೇಳಿದ್ದಲ್ಲ. ಆದರೆ 68 ಕಿಲೋ ಬಲದ ಹೆದೆ ಬೆರಳಿಗೆ ಬಡಿದರೆ ಏನಾಗುತ್ತದೆ ಅಂತ ಯೋಚಿಸಿದ ಮೇಲೆ ಅದಿಲ್ಲದೆ ಕೊಡಲು ನನಗೆ ಆಗುತ್ತಿರಲಿಲ್ಲ. ಬಾಣ ಇಡದೆ ಟ್ರಿಗರ್ ಒತ್ತುವುದನ್ನೂ ವರ್ಕ್‌ಶಾಪಿನಲ್ಲಿ ಯಾರಿಗೂ ಬಿಡಲಿಲ್ಲ. ಬಾಣ ಇಲ್ಲದಿದ್ದರೆ ಆ ಬಲ ಹೊರಗೆ ಹೋಗದೆ ಬಿಲ್ಲಿಗೂ ಕಟ್ಟಿಗೆಗೂ ವಾಪಸ್ ಬಡಿಯುತ್ತದೆ. ಅಕ್ಕನ ಮಗ ಎರಡು ದಿನ ಕೇಳಿ ಕೇಳಿ ಸುಮ್ಮನಾದ.

ನಡುವೆ ಸರ್‌ಗೆ ಒಂದು ಆಸೆ. ಪಕ್ಕದ ಕಿನ್ನಾಳದ ಗೊಂಬೆಗಳ ಹಾಗೆ ಹಿಂಬದಿಗೆ ಬಣ್ಣದ ಗಿಳಿ ಬರೆಸಬಹುದಾ ಅಂದರು. ಕಿನ್ನಾಳದ ಕಲೆಗೆ ನಾನು ತಲೆಬಾಗುತ್ತೇನೆ, ಜಿಐ, ಅಂದರೆ ಇದು ಆ ಊರಿನದೇ ಅನ್ನುವ ಸರ್ಕಾರಿ ಗುರುತು ಸಿಕ್ಕ ಕಲೆ ಅದು. ಆದರೆ ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆ ತೆಗೆದುಕೊಂಡು, ಹುಣಸೆ ಬೀಜದ ಅಂಟು ಸೇರಿಸಿದ ಲೇಪ ಹಚ್ಚಿ, ಅದರ ಮೇಲೆ ಬಣ್ಣ ಕಟ್ಟುತ್ತಾರೆ. ಬೆವರು, ಒತ್ತಡ, ತಿಕ್ಕಾಟ ಇರುವ ಜಾಗ ಅದಕ್ಕಲ್ಲ. ಜಾಲಿಯ ಬಣ್ಣ ಹಾಗೇ ಕಾಣಲಿ ಅಂದೆ, ಒಪ್ಪಿದರು.

ಮೇಲೆ ಹಚ್ಚಿದ್ದು ಅಗಸೆ ಎಣ್ಣೆ. ಅಡುಗೆಯ ಹಸಿ ಅಗಸೆ ಎಣ್ಣೆಯಲ್ಲ, ಅದು ಒಣಗಲು ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಎಣ್ಣೆ. ಮೊದಲ ಸಲ ಟರ್ಪೆಂಟೈನ್ ಬೆರೆಸಿ ತೆಳುವಾಗಿ, ಆಮೇಲೆ ಅಂಗೈಯಲ್ಲಿ ಉಜ್ಜಿ ಉಜ್ಜಿ 6 ಸಲ, ಪ್ರತಿ ಸಲದ ನಡುವೆ ಎರಡು ಮೂರು ದಿನ ಬಿಟ್ಟು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಒಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಹೊಟ್ಟು, ಚಕ್ಕೆ ತುಂಬಿದ ವರ್ಕ್‌ಶಾಪಿನಲ್ಲಿ ಇದು ಸಣ್ಣ ಮಾತಲ್ಲ. ನಾನು ಬಕೆಟ್ ನೀರಲ್ಲಿ ಮುಳುಗಿಸಿ ಇಡುತ್ತೇನೆ.

8 ದಿನ ಅಂದದ್ದು 47 ದಿನ ಆಯಿತು. ಕೊಡುವ ಮೊದಲು ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಕೊರಳ ಹತ್ತಿರ ಎಳೆಯ ಮೇಲೆ ಉಗುರು ಆಡಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಉಗುರು ಎಲ್ಲೂ ಗೆರೆ ದಾಟಲಿಲ್ಲ. ಏನೂ ಹೇಳದೆ ಸರ್ ಕೈಗೆ ಕೊಟ್ಟರು.

ಮುಂದಿನ ಭಾನುವಾರ ಸರ್ ತಮ್ಮ ಹೊಲದಲ್ಲಿ ಮಣ್ಣಿನ ದಿಬ್ಬದ ಮುಂದೆ ಗುರಿ ನಿಲ್ಲಿಸಿ ಹೊಡೆದರು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಕತ್ತು ಕುಗ್ಗಿಸದೆ ನೆಟ್ಟಗೆ ನಿಂತು ಹೊಡೆಯುವುದನ್ನು ನೋಡುವುದೇ ನನಗೆ ಸಾಕಾಗಿತ್ತು.

ಮುರಿದ ಸಾಗವಾನಿ ತುಂಡನ್ನು ಬೆಂಚಿನ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ್ದೇನೆ. ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ಅದರ ಮುರಿದ ಬಾಯಿ ಮುಟ್ಟಿಸುತ್ತೇನೆ. ಈ ವರ್ಷ ಅಪ್ಪನ ಜೊತೆ ಮತ್ತೆ ಯಲಬುರ್ಗಾ ಕಡೆ ಹೋಗಿದ್ದೆ. ಒಬ್ಬ ರೈತರು ಬದು ಸರಿ ಮಾಡಲು ಕಡಿದ ಜಾಲಿಯಲ್ಲಿ ಬಾಗಿದ ಎರಡು ತುಂಡು ಸಿಕ್ಕವು. ಎರಡೂ ತುದಿಗೆ ಸಗಣಿ ಬಳಿದು, ಸುಣ್ಣದಲ್ಲಿ ತಾರೀಕು ಬರೆದು, ನೆರಳಲ್ಲಿ ಇಟ್ಟಿದ್ದೇವೆ. 3 ಇಂಚು ದಪ್ಪ ಇವೆ. ಇನ್ನು ಮೂರು ಬೇಸಿಗೆ ಅವುಗಳನ್ನು ಮುಟ್ಟುವುದಿಲ್ಲ.