ಪಿಸ್ತೂಲು ನೆನಪಿರುತ್ತದೆ, ಮುಖ ನೆನಪಿರುವುದಿಲ್ಲ

ದರೋಡೆ ನಡೆದಾಗ ಅಂಗಡಿಯೊಳಗೆ ನಾಲ್ಕು ಜನ ಇದ್ದರು ಅಂದುಕೊಳ್ಳಿ. ಪಿಸ್ತೂಲಿನ ಬಣ್ಣ ಯಾವುದು, ಅದು ಯಾರ ಕಡೆ ತಿರುಗಿತ್ತು ಎಂದು ಕೇಳಿದರೆ ನಾಲ್ವರೂ ತಡವರಿಸದೆ ಹೇಳುತ್ತಾರೆ. ಅದನ್ನು ಹಿಡಿದವನ ಮೂಗು ಹೇಗಿತ್ತು ಎಂದು ಕೇಳಿ, ನಾಲ್ಕು ಬಗೆಯ ಉತ್ತರ ಬರುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ನೋಟ ಆಯುಧದ ಮೇಲೇ ನೆಟ್ಟಿತ್ತು, ಅಷ್ಟೇ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಗಿರಾಕಿ ಕ್ಯಾಷಿಯರ್ ಕೈಗೆ ಚೆಕ್ ಕೊಡುವ ಚಿತ್ರ ಒಂದು ಗುಂಪಿಗೆ, ಅದೇ ಗಿರಾಕಿ ಪಿಸ್ತೂಲು ತೋರಿಸುವ ಚಿತ್ರ ಇನ್ನೊಂದು ಗುಂಪಿಗೆ. ಚೆಕ್ಕಿಗಿಂತ ಪಿಸ್ತೂಲಿನ ಮೇಲೆ ಕಣ್ಣು ಹೆಚ್ಚು ಸಲ, ಹೆಚ್ಚು ಹೊತ್ತು ನಿಂತಿತು. ಬರೀ ಚಿತ್ರ ನೋಡಿದವರ ಪಾಡೇ ಇದು.

ಹಾಗಾಗಿ ಸಾಕ್ಷಿಯ ನೆನಪನ್ನು ಕೌಂಟರ್ ಮೇಲಿನ ಬೆರಳಚ್ಚಿನಂತೆಯೇ ನೋಡಿಕೊಳ್ಳಬೇಕು: ಮುಟ್ಟಿದಷ್ಟೂ ಕೆಡುತ್ತದೆ. ಕಳ್ಳರು ಹೊರಗೆ ಹೋದ ಕೂಡಲೇ ಬಾಗಿಲು ಹಾಕಿ, ಪೊಲೀಸರಿಗೆ ಫೋನ್ ಮಾಡಿ, ಇದ್ದವರನ್ನು ಬೇರೆ ಬೇರೆ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಹಾಳೆ ಕೊಡಿ. ಮಾತಾಡಿಕೊಳ್ಳಲು ಬಿಟ್ಟರೆ ಧೈರ್ಯವಾಗಿ ಮೊದಲು ಬಾಯಿಬಿಟ್ಟವನ ನೆನಪೇ ಎಲ್ಲರ ನೆನಪಾಗುತ್ತದೆ. ಆಮೇಲೆ ನಾಲ್ಕು ಹೇಳಿಕೆ ಒಂದೇ ಥರ ಇದೆ ಎಂದು ಖುಷಿಪಡುವಂತಿಲ್ಲ, ಅಲ್ಲಿರುವುದು ಒಂದೇ ಹೇಳಿಕೆಯ ನಾಲ್ಕು ಪ್ರತಿ.

ಬರೆಯುವಾಗ ಮುಖಕ್ಕಿಂತ ಮೊದಲು ಕಾಲಿನಿಂದ ಶುರುಮಾಡಿ. ಓಡುವ ದಾರಿಯಲ್ಲಿ ಜಾಕೆಟ್ ಕಳಚಿ ಎಸೆಯಬಹುದು, ಮುಸುಕು ಬಿಚ್ಚಬಹುದು. ಶೂ ಬದಲಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಆಯುಧ ಯಾವ ಕೈಯಲ್ಲಿತ್ತು, ನಡಿಗೆ ಹೇಗಿತ್ತು, ಬಾಯಿಂದ ಬಂದ ಮಾತು ಅಕ್ಷರಶಃ ಏನು, ಯಾವ ಕಡೆ ಓಡಿದರು. ಎತ್ತರವನ್ನು ಅಡಿ ಲೆಕ್ಕದಲ್ಲಿ ಊಹಿಸುವುದು ಬೇಡ. ಬಾಗಿಲ ಚೌಕಟ್ಟಿನಲ್ಲಿ ತಲೆ ಎಲ್ಲಿಗೆ ಬರುತ್ತಿತ್ತು ಎಂದು ತೋರಿಸಿದರೆ ಸಾಕು. ನೆಲದಲ್ಲಿ ಕುಕ್ಕರಗಾಲಲ್ಲಿ ಕೂತವನಿಗೆ ಎದುರು ನಿಂತವನು ಉದ್ದವಾಗಿಯೇ ಕಾಣುತ್ತಾನೆ. ಎಷ್ಟು ಹೊತ್ತು ನಡೆಯಿತು ಎಂಬ ಉತ್ತರವನ್ನಂತೂ ನಂಬಲೇಬೇಡಿ, ಭಯದಲ್ಲಿ ಅರೆ ನಿಮಿಷ ಹಲವು ನಿಮಿಷವಾಗುತ್ತದೆ.

‘ಸಿಸಿಟಿವಿ ಇದೆಯಲ್ಲ’ ಅನ್ನುವವರೇ ಹೆಚ್ಚು. ಇದೆ, ಆದರೆ ಚಾವಣಿಯ ಮೂಲೆಯಲ್ಲಿ. ಅಲ್ಲಿಂದ ಕಾಣುವುದು ಟೋಪಿಯ ನೆತ್ತಿ. ಅಪರಿಚಿತನನ್ನು ಗುರುತಿಸಬೇಕಾದರೆ ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕೆಂದಿತ್ತು ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿ. 1920 ಪಿಕ್ಸೆಲ್ ಅಗಲದ ಕ್ಯಾಮೆರಾ 7.68 ಮೀಟರಿಗಿಂತ ಹೆಚ್ಚು ಅಗಲ ತೋರಿಸಿತೆಂದರೆ ಆ ಗುಣಮಟ್ಟ ತಪ್ಪಿತು. ಅಂಗಡಿಯನ್ನೆಲ್ಲ ಒಂದೇ ಕ್ಯಾಮೆರಾದಲ್ಲಿ ತುಂಬಿಸುವ ಆಸೆ ಬಿಟ್ಟು, ಹೊರಹೋಗುವ ಬಾಗಿಲಿಗೆ ಮುಖದ ಮಟ್ಟದಲ್ಲಿ ಇನ್ನೊಂದನ್ನು ಹಾಕಿ. ಅದು ಒಳಗಿನ ಗೋಡೆಗೆ ಮುಖ ಮಾಡಿರಲಿ. ಹೊರಗಿನ ಬೆಳಕಿಗೆ ಎದುರಾದರೆ ಮುಖ ಕಪ್ಪಗೆ ಮಸಿಯಾಗುತ್ತದೆ.

ದೃಶ್ಯ ತೆಗೆದುಕೊಳ್ಳುವಾಗ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ತೋರಿಸುವ ಗಂಟೆ ಮತ್ತು ಫೋನಿನ ಗಂಟೆ ಎರಡನ್ನೂ ಬರೆದಿಡಿ. ಹನ್ನೊಂದು ನಿಮಿಷ ಮುಂದಿರುವ ಡಿವಿಆರ್ ನಿರಪರಾಧಿಯನ್ನು ಸ್ಥಳದಲ್ಲಿ ನಿಲ್ಲಿಸಬಲ್ಲದು, ಅಪರಾಧಿಯನ್ನು ತಪ್ಪಿಸಬಲ್ಲದು. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ್ದು ಸಾಲದು, ಮೂಲ ಫೈಲೇ ಬೇಕು. ಅದೂ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುವ ಮೊದಲು. ಕ್ಯಾಮೆರಾವನ್ನು ಅಲುಗಿಸಬೇಡಿ. ಅದೇ ಕ್ಯಾಮೆರಾದ ಎದುರು, ಕಳ್ಳ ನಿಂತಿದ್ದ ಟೈಲಿನ ಮೇಲೆ ಅಳತೆ ಕೋಲು ನಿಲ್ಲಿಸಿ ಎತ್ತರ ಲೆಕ್ಕ ಹಾಕುತ್ತಾರೆ. ಕೋನ ಬದಲಾದರೆ ಆ ಲೆಕ್ಕ ಹಾಳು. ಬಂದ ಅಂಕಿಯಲ್ಲಿ ಶೂ ಹಿಮ್ಮಡಿ, ಟೋಪಿ ಎರಡೂ ಸೇರಿರುತ್ತವೆ ಎಂಬುದನ್ನು ಮರೆಯುವವರು ಬಹಳ.

ಇನ್ನು ಗುರುತು ಪತ್ತೆ ಪರೇಡ್, ಅಂದರೆ ಶಂಕಿತನನ್ನು ಬೇರೆಯವರ ಜೊತೆ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸುವುದು. ಇಲ್ಲಿ ಕೆಡುವಷ್ಟು ಕೇಸು ಬೇರೆಲ್ಲೂ ಕೆಡುವುದಿಲ್ಲವೇನೋ. ಸಾಲಿನಲ್ಲಿ ಶಂಕಿತ ಒಬ್ಬನೇ ಇರಬೇಕು; ಉಳಿದವರು ಸಾಕ್ಷಿ ಕೊಟ್ಟ ವರ್ಣನೆಗೆ ಹೊಂದಬೇಕು. ಇಂಗ್ಲೆಂಡಿನ ವಿಡಿಯೋ ಪರೇಡಿನಲ್ಲಿ ಶಂಕಿತನ ಜೊತೆ ಅವನನ್ನು ಹೋಲುವವರು ಕನಿಷ್ಠ ಎಂಟು ಜನ. ಹುಬ್ಬಿನ ಮೇಲೆ ಗಾಯದ ಕಲೆ ಇತ್ತೆಂದು ಸಾಕ್ಷಿ ಹೇಳಿದ್ದು, ಕಲೆ ಇರುವವನು ಒಬ್ಬನೇ ನಿಂತಿದ್ದರೆ ಅದು ಪರೀಕ್ಷೆಯೇ ಅಲ್ಲ. ಎಲ್ಲರ ಹುಬ್ಬಿಗೂ ಒಂದೇ ಥರದ ಪಟ್ಟಿ ಅಂಟಿಸಬೇಕು. ‘ಅವನು ಇಲ್ಲಿ ಇರಬಹುದು, ಇಲ್ಲದೆಯೂ ಇರಬಹುದು’ ಎಂದು ಮೊದಲೇ ಹೇಳಬೇಕು, ಇಲ್ಲವಾದರೆ ಸಾಕ್ಷಿ ಇದ್ದವರಲ್ಲಿ ಹೆಚ್ಚು ಹೋಲುವವನತ್ತ ಬೆರಳು ತೋರಿಸಿ ಮುಗಿಸುತ್ತಾನೆ. ನಡೆಸುವ ಅಧಿಕಾರಿಗೆ ಶಂಕಿತ ಯಾರೆಂದೇ ಗೊತ್ತಿರಬಾರದು. ಗೊತ್ತಿದ್ದರೆ ಒಂದು ಕೆಮ್ಮು, ಒಂದು ‘ಸರಿಯಾಗಿ ನೋಡಿ’ ಸಾಕು.

ತೋರಿಸಿದ ಕ್ಷಣದಲ್ಲೇ ‘ಎಷ್ಟು ಖಚಿತ?’ ಎಂದು ಕೇಳಿ, ಉತ್ತರವನ್ನು ಸಾಕ್ಷಿಯ ಮಾತಿನಲ್ಲೇ ಬರೆಯಬೇಕು. ‘ಇವನೇ ಇರಬೇಕು ಅನ್ಸುತ್ತೆ’ ಎಂದರೆ ಹಾಗೇ. ಮನಶ್ಶಾಸ್ತ್ರಜ್ಞರಾದ ವೆಲ್ಸ್ ಮತ್ತು ಬ್ರ್ಯಾಡ್‌ಫೀಲ್ಡ್ ಅವರ 1998ರ ಪ್ರಯೋಗದಲ್ಲಿ ನಿಜವಾದ ವ್ಯಕ್ತಿಯೇ ಇಲ್ಲದ ಸಾಲನ್ನು ತೋರಿಸಿದ್ದರು, ಆರಿಸಿದ್ದೆಲ್ಲ ತಪ್ಪೇ. ಆದರೂ ‘ಸರಿಯಾಗಿ ಗುರುತಿಸಿದಿರಿ’ ಎಂದು ಹೇಳಿಸಿಕೊಂಡವರ ಆತ್ಮವಿಶ್ವಾಸ ಏರಿತು. ತಮಗೆ ಮುಖ ಚೆನ್ನಾಗಿ ಕಂಡಿತ್ತು ಎಂದೂ ಹೇಳತೊಡಗಿದರು. ಕೋರ್ಟಿನಲ್ಲಿ ತಿಂಗಳುಗಳ ನಂತರ ಕೇಳಿಬರುವ ‘ನೂರಕ್ಕೆ ನೂರು ಇವನೇ’ ಎಂಬ ಮಾತು ಹೀಗೆ ತಯಾರಾಗಿರಬಹುದು. ಎರಡನೇ ಸಲ ಪರೇಡ್ ಮಾಡಿಸಿಯೂ ಪ್ರಯೋಜನವಿಲ್ಲ, ಸಾಕ್ಷಿಗೆ ಆಗ ನೆನಪಾಗುವುದು ಮೊದಲ ಪರೇಡಿನ ಮುಖ. ಬಂಧಿತನ ಫೋಟೋ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದರೂ ಇದೇ ಗತಿ.

ಮುಖ ಗುರುತಿಸುವ ಸಾಫ್ಟ್‌ವೇರ್ ಬಂದಮೇಲೆ ಹೊಸ ಬಗೆಯ ಹಳ್ಳವೊಂದು ತೆರೆದಿದೆ. ಮಸುಕು ಚಿತ್ರ ಕೊಟ್ಟರೆ ಅದು ಲಕ್ಷಾಂತರ ಮುಖಗಳಲ್ಲಿ ಅತಿ ಹೆಚ್ಚು ಹೋಲುವವನನ್ನು ಹೆಕ್ಕುತ್ತದೆ. ಅವನನ್ನೇ ಸಾಲಿನಲ್ಲಿ ನಿಲ್ಲಿಸಿದರೆ ಸಾಕ್ಷಿ ಅವನನ್ನೇ ಆರಿಸದೆ ಇನ್ನೇನು ಮಾಡುತ್ತಾನೆ? ಎರಡು ಪುರಾವೆಯಂತೆ ಕಾಣುವುದು ಒಂದೇ ಹೋಲಿಕೆ. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಗಡಿಯಾರ ಕಳವಿನ ಕೇಸಿನಲ್ಲಿ ನಿರಪರಾಧಿಯೊಬ್ಬನನ್ನು ಬಂಧಿಸಿದ್ದು ಹೀಗೆಯೇ. ಫೋಟೋಗಳ ಸಾಲಿನಿಂದ ಅವನನ್ನು ಆರಿಸಿದ ವ್ಯಕ್ತಿ ಕಳವನ್ನು ಕಣ್ಣಾರೆ ಕಂಡಿರಲೇ ಇಲ್ಲ, ವಿಡಿಯೋ ನೋಡಿದ್ದರಷ್ಟೇ. ಸಾಫ್ಟ್‌ವೇರ್ ಹೆಸರು ಕೊಟ್ಟಾಗ ಮೊದಲು ಆ ಹೊತ್ತಿನಲ್ಲಿ ಅವನು ಎಲ್ಲಿದ್ದ, ಫೋನ್ ಎಲ್ಲಿತ್ತು, ಎಸೆದು ಹೋದ ಟೋಪಿಯಲ್ಲಿ ಯಾರ ಡಿಎನ್‌ಎ ಇದೆ ಎಂದು ನೋಡಬೇಕು. ಇವುಗಳಲ್ಲಿ ಒಂದಾದರೂ ಹೊಂದಿಕೆಯಾದ ಮೇಲೆಯೇ ಸಾಕ್ಷಿಯನ್ನು ಕರೆಸುವುದು.