ಬರ್ಬನ್ ನಾಡಿನ ಚರ್ಚು, ಪೆಟ್ರೋಲ್ ಬಂಕಿನ ಹುಡುಗ

ಅಮೆರಿಕದ ಕೆಂಟಕಿಯಲ್ಲಿದ್ದೇನೆ ಅಂದರೆ ಊರಿನವರು ಮೊದಲು ಕೇಳುವುದು ಕೆಎಫ್‌ಸಿ ಕೋಳಿಯ ಬಗ್ಗೆ. ಇಲ್ಲಿಯವರ ಹೆಮ್ಮೆ ಮಾತ್ರ ಬೇರೆ, ಅದು ಬರ್ಬನ್. ನಮಗೆ ಬರ್ಬನ್ ಅಂದರೆ ನಡುವೆ ಚಾಕೊಲೇಟ್ ಕ್ರೀಮ್ ಇರುವ ಬಿಸ್ಕತ್ತು. ಇಲ್ಲಿ ಅದು ವಿಸ್ಕಿ. ಅದರಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು ಅಂತ ಕಾನೂನೇ ಇದೆ.

ನಾನು ನರ್ಸ್. ಲೂಯಿವಿಲ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಮನೆಯಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಬಾರ್ಡ್ಸ್‌ಟೌನ್ ಎಂಬ ಚಿಕ್ಕ ಊರು ಸಿಗುತ್ತದೆ. ದಾರಿಯಲ್ಲಿ ಕಣ್ಣಿಗೆ ಬೀಳುವ ದೊಡ್ಡ ಕಟ್ಟಡಗಳು ಎರಡೇ ಬಗೆ. ಒಂದು ಚರ್ಚು, ಇನ್ನೊಂದು ಪೀಪಾಯಿ ಇಡುವ ಗೋದಾಮು. ಗೋದಾಮಿನ ಪೀಪಾಯಿಗಳಿಂದ ವರ್ಷವರ್ಷವೂ ಒಂದಿಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ. ಅದು ದೇವದೂತರ ಪಾಲಂತೆ. ಆ ಆವಿ ಹೀರಿ ಬೆಳೆಯುವ ಕಪ್ಪು ಬೂಸು ಮಾತ್ರ ಅಕ್ಕಪಕ್ಕದ ಮನೆಗಳ ಗೋಡೆಗೆ ಅಂಟುತ್ತದೆ. ಕುಡಿಯುವುದು ದೇವದೂತರು, ಗೋಡೆ ಉಜ್ಜುವುದು ನೆರೆಯವರು!

ಬಾರ್ಡ್ಸ್‌ಟೌನ್ ಕ್ಯಾಥೊಲಿಕರ ಹಳೆಯ ಕೇಂದ್ರವೂ ಹೌದು. 1808ರಲ್ಲಿ ನ್ಯೂಯಾರ್ಕ್, ಬಾಸ್ಟನ್‌ಗಳ ಜೊತೆಗೇ ಇದಕ್ಕೂ ಬಿಷಪ್ ಪೀಠ ಸಿಕ್ಕಿತ್ತು. ಅಲ್ಲೇ ಹತ್ತಿರ ಗೆತ್ಸೆಮನಿ ಎಂಬ ಮಠ ಇದೆ, ಟ್ರ್ಯಾಪಿಸ್ಟ್ ಎಂಬ ಕ್ಯಾಥೊಲಿಕ್ ಸನ್ಯಾಸಿಗಳದ್ದು, 1848ರದ್ದು. ಆ ಸನ್ಯಾಸಿಗಳು ಹೊಟ್ಟೆಪಾಡಿಗೆ ಬರ್ಬನ್ ಹಾಕಿದ ಫಜ್ ಎಂಬ ಸಿಹಿ ಮಾಡಿ ಮಾರುತ್ತಾರೆ. ತಪಸ್ಸಿಗೂ ಬರ್ಬನ್‌ಗೂ ಅಲ್ಲಿ ಏನೂ ಜಗಳ ಇಲ್ಲ. ಲೂಯಿವಿಲ್‌ನ ಕ್ಯಾಥೊಲಿಕ್ ಚರ್ಚುಗಳಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮೀನು ಕರಿದು ಮಾರುತ್ತಾರೆ. ಎಷ್ಟೋ ಕಡೆ ಪಕ್ಕದಲ್ಲೇ ಬಿಯರ್ ಕೂಡ ಇರುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕಲಿ, ಅಂದರೆ ಸೇಂದಿ, ಹಾಕಿ ಉಬ್ಬಿಸಿದ ಇಡ್ಲಿಯಂಥ ಸನ್ನಾಣ ತಿಂದು ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ನಾವು ಹೋಗುವುದು ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಚರ್ಚಿಗೆ. ನಮ್ಮದು ಊರಿನಲ್ಲಿ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಮಿಶನರಿಗಳ ಕಾಲದಿಂದ ಬಂದ ಮನೆತನ. ಮನೆಗೆ ಹತ್ತಿರ, ಜನ ಒಳ್ಳೆಯವರು ಅಂತ ಇಲ್ಲಿ ಸೇರಿದೆವು. ಇಲ್ಲಿ ಮದ್ಯದ ಮಾತೇ ಬೇರೆ. ಯೇಸುವಿನ ಕೊನೆಯ ಊಟದ ನೆನಪಿನ ಕರ್ತನ ಭೋಜನಕ್ಕೆ ಕೊಡುವುದು ಹುಳಿಯದ ದ್ರಾಕ್ಷಿ ರಸ, ಬೆರಳುದ್ದದ ಪ್ಲಾಸ್ಟಿಕ್ ಲೋಟದಲ್ಲಿ. ಇದಕ್ಕೂ ಒಂದು ಕತೆ ಇದೆ. 1869ರಲ್ಲಿ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಹಲ್ಲಿನ ಡಾಕ್ಟರ್ ಇದ್ದ. ಮೆಥಡಿಸ್ಟ್ ಸಭೆಯವನು. ಭೋಜನದ ಮೇಜಿನ ಮೇಲೆ ವೈನ್ ಇರಬಾರದು ಅಂತ ಅವನ ಆಸೆ. ದ್ರಾಕ್ಷಿ ರಸವನ್ನು ಕಾಯಿಸಿ ಹುಳಿಯದಂತೆ ಬಾಟಲಿಗೆ ತುಂಬಿದ. ಇವತ್ತು ಅಮೆರಿಕದ ಮಕ್ಕಳು ಕುಡಿಯುವ ವೆಲ್ಚ್ ಜ್ಯೂಸ್ ಹುಟ್ಟಿದ್ದು ಹೀಗೆ. ಕ್ಯಾಥೊಲಿಕರಿಗೆ ಇದು ನಡೆಯುವುದಿಲ್ಲ. ಅವರ ಪೂಜೆಗೆ ದ್ರಾಕ್ಷಿಯ ನಿಜವಾದ ವೈನೇ ಬೇಕು. 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ ಇದ್ದಾಗಲೂ ಚರ್ಚಿನ ವೈನಿಗೆ ವಿನಾಯಿತಿ ಇತ್ತು. ಡಾಕ್ಟರ ಚೀಟಿಯ ಮೇಲೆ ವಿಸ್ಕಿಯೂ ಸಿಗುತ್ತಿತ್ತು. ಆ ಕಾಲದಲ್ಲಿ ನರ್ಸ್ ಆಗಿದ್ದಿದ್ದರೆ ಎಷ್ಟು ಜನ ಕೆಮ್ಮುತ್ತಾ ಬರುತ್ತಿದ್ದರೋ.

ಬ್ಯಾಪ್ಟಿಸ್ಟರು ಮೊದಲಿನಿಂದ ಹೀಗೇ ಇದ್ದರು ಅಂದುಕೊಳ್ಳಬೇಡಿ. ಎಲೈಜಾ ಕ್ರೇಗ್ ಅಂತ 18ನೇ ಶತಮಾನದ ಒಬ್ಬ ಬ್ಯಾಪ್ಟಿಸ್ಟ್ ಬೋಧಕ ಇದೇ ಕೆಂಟಕಿಯಲ್ಲಿ ವಿಸ್ಕಿ ಭಟ್ಟಿ ಇಟ್ಟಿದ್ದ. ಬರ್ಬನ್ ಕಂಡುಹಿಡಿದವನು ಅವನೇ ಅನ್ನುವುದು ದಂತಕತೆ. ಆದರೆ ಅವನ ಹೆಸರಿನ ಬಾಟಲಿ ಈಗಲೂ ಮಾರಾಟದಲ್ಲಿದೆ. ಅದೇ ಬ್ಯಾಪ್ಟಿಸ್ಟರ ದೊಡ್ಡ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 2006ರಲ್ಲಿ ಒಂದು ಠರಾವು ಮಾಡಿತು. ಮದ್ಯ ತಯಾರಿಸುವುದು, ಜಾಹೀರಾತು ಹಾಕುವುದು, ಹಂಚುವುದು, ಕುಡಿಯುವುದು ಎಲ್ಲಕ್ಕೂ ತಮ್ಮ ಪೂರ್ತಿ ವಿರೋಧ ಅಂತ. ಎದುರು ಪಾಳಯವೂ ಸುಮ್ಮನೆ ಕೂತಿರಲಿಲ್ಲ. ಲೂಯಿವಿಲ್‌ನ ಡಿಸ್ಟಿಲರಿ ಮಾಲೀಕ ಜಾರ್ಜ್ ಗಾರ್ವಿನ್ ಬ್ರೌನ್ 1910ರಲ್ಲೇ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದ. ಬೈಬಲಿನಲ್ಲಿ ವೈನ್, ಮದ್ಯ ಅಂತ ಬರುವ ವಚನಗಳನ್ನೆಲ್ಲ ಹೆಕ್ಕಿ ಜೋಡಿಸಿ, ನೋಡಿ, ಪಾನನಿಷೇಧಕ್ಕೆ ಇಲ್ಲಿ ಜಾಗವೇ ಇಲ್ಲ ಅಂತ ವಾದ.

ವಚನ ಹೆಕ್ಕಲು ಹೊರಟರೆ ಇಬ್ಬರಿಗೂ ಬೇಕಾದಷ್ಟು ಸಿಗುತ್ತದೆ ಮಾರಾಯ್ರೆ. ಕಾನಾ ಊರಿನ ಮದುವೆಯಲ್ಲಿ ಯೇಸು ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸ ಮಾಡಿದ. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಅದೇ ಪೌಲ ಎಫೆಸದವರಿಗೆ ಕುಡಿದು ಮತ್ತರಾಗಬೇಡಿ ಅಂದ. ರೋಮಾಪುರದವರಿಗೆ ಬರೆಯುತ್ತಾ, ಕುಡಿಯುವುದರಿಂದ ನಿನ್ನ ಸಹೋದರ ಎಡವುತ್ತಾನಾದರೆ ಬಿಡುವುದೇ ಒಳ್ಳೆಯದು ಅಂದ.

ಕುಡಿತದ ವಿಷಯದಲ್ಲಿ ನಾನು ಮೃದು ಅಲ್ಲ. ಕುಡಿತ ಬಿಟ್ಟ ಎರಡು ಮೂರನೇ ದಿನ ಮೈ ನಡುಗಿ, ಬೆವೆತು, ಗೋಡೆಯ ಮೇಲೆ ಇಲ್ಲದ ಹುಳ ನೋಡಿ ಕಿರುಚುವವರನ್ನು ನಾನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುತ್ತೇನೆ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುವವರಲ್ಲಿ ನನಗಿಂತ ಚಿಕ್ಕವರೂ ಇರುತ್ತಾರೆ. ಪ್ರವಾಸಿಗರು ಬರ್ಬನ್ ಬಗ್ಗೆ ಕವಿಗಳ ಹಾಗೆ ಮಾತಾಡುವಾಗ ನನಗೆ ಆ ವಾರ್ಡು ನೆನಪಾಗುತ್ತದೆ. ನಾನು ಕುಡಿಯುವುದಿಲ್ಲ. ಇದು ಪಾಸ್ಟರಿಗೆ ಹೆದರಿ ಅಲ್ಲ.

ಈಗ ನಮ್ಮ ಹುಡುಗನ ವಿಷಯ. ಹಾಸನದ ಕಡೆಯವನು, ನಮ್ಮದೇ ಚರ್ಚು. ಹೆಂಡತಿಯ ವೀಸಾದ ಮೇಲೆ ಬಂದವನು, ಕೆಲಸದ ಪರವಾನಗಿಗೆ ತುಂಬಾ ದಿನ ಕಾದ. ಅದು ಬಂದ ಮೇಲೂ ಅವನ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಕೊನೆಗೆ ಒಂದು ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತ. ಇಲ್ಲಿ ಬಂಕ್ ಅಂದರೆ ಅಂಗಡಿಯೂ ಹೌದು. ಹಾಲು, ಬ್ರೆಡ್ಡು, ಸಿಗರೇಟು, ಲಾಟರಿ ಚೀಟಿ, ಹಿಂದುಗಡೆ ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ಬಿಯರ್. ಮಕ್ಕಳೆಂದರೆ ಅವನಿಗೆ ಪ್ರಾಣ. ಸಂಡೇ ಸ್ಕೂಲಿಗೆ ಟೀಚರ್ ಬೇಕು ಅಂದಾಗ ಹೆಸರು ಕೊಟ್ಟ.

ಅದನ್ನು ಮಾತಾಡಲು ಕೂತಾಗ ಒಬ್ಬ ಹಿರಿಯರು ತಡೆದರು. ಟ್ರಕ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಶನಿವಾರ ರಾತ್ರಿ ಬಿಯರ್ ಕೊಟ್ಟ ಕೈ ಭಾನುವಾರ ಬೆಳಗ್ಗೆ ಮಕ್ಕಳಿಗೆ ಬೈಬಲ್ ಕೊಡುವುದು ಸರಿಯಾ?" ಅಂದರು. ಇನ್ನೊಬ್ಬರು ಲಾಟರಿ ಸೇರಿಸಿದರು. ಮತ್ತೊಬ್ಬರು, ತೀರ್ಪು ಮಾಡಬೇಡಿ ಅಂತ ಯೇಸುವೇ ಹೇಳಿದ್ದಾನೆ, ಬಿಟ್ಟುಬಿಡಿ ಅಂದರು.

ಆ ಬಿಟ್ಟುಬಿಡಿ ಅನ್ನುವುದೂ ನನಗೆ ಹಿಡಿಸಲಿಲ್ಲ. ಮತ್ತಾಯನ ಏಳನೇ ಅಧ್ಯಾಯ ಅಷ್ಟಕ್ಕೇ ನಿಲ್ಲುವುದಿಲ್ಲ ಅಲ್ವಾ? ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆಯಷ್ಟು ಕಸ ತೆಗೆಯಲು ಚೆನ್ನಾಗಿ ಕಾಣುತ್ತದೆ ಅನ್ನುತ್ತದೆ. ರವೆ ಅಲ್ಲೇ ಇರಲಿ ಅಂತ ಎಲ್ಲೂ ಹೇಳಿಲ್ಲ. ನನ್ನ ತಕರಾರು ತೊಲೆಯದ್ದು, ಅಂದರೆ ನಮ್ಮದೇ ದೊಡ್ಡ ತಪ್ಪಿನದ್ದು. ಕೆಂಟಕಿಯಲ್ಲಿ ಗೋದಾಮಿನಲ್ಲಿ ಮಾಗುವ ಪೀಪಾಯಿಗಳ ಮೇಲೆ ಆಸ್ತಿ ತೆರಿಗೆ ಇದೆ. ಡಿಸ್ಟಿಲರಿ ಇರುವ ಕೌಂಟಿಗಳಲ್ಲಿ, ಅಂದರೆ ಇಲ್ಲಿನ ಜಿಲ್ಲೆಗಳಲ್ಲಿ, ಶಾಲೆಗಳು ನಡೆಯುವುದು ಆ ಹಣವೂ ಸೇರಿಯೇ. 2026ರಿಂದ ಅದನ್ನು ಕಡಿಮೆ ಮಾಡುತ್ತಾ 2043ಕ್ಕೆ ಪೂರ್ತಿ ತೆಗೆಯಬೇಕು ಅಂತ 2023ರಲ್ಲಿ ಕಾನೂನು ಬಂತು. ಆಗ ಗಾಬರಿಯಾದದ್ದು ಕೌಂಟಿಗಳು, ಶಾಲೆಗಳು. ಅಲ್ಲಿನ ಟೀಚರುಗಳಿಗೆ ಯಾರೂ ನಿನ್ನ ಸಂಬಳ ಶುದ್ಧವಾ ಅಂತ ಕೇಳುವುದಿಲ್ಲ. ಮ್ಯೂಚುವಲ್ ಫಂಡಿನಲ್ಲಿ ಪಿಂಚಣಿ ಹಣ ಹಾಕಿದವರಿಗೆ ಅದರೊಳಗೆ ಯಾವ ಸಿಗರೇಟು ಕಂಪನಿಯ ಷೇರಿದೆ ಅಂತ ಕೇಳುವುದಿಲ್ಲ. ನಮ್ಮೂರಿನಲ್ಲೂ ಅಷ್ಟೇ. ಕರ್ನಾಟಕ ಸರ್ಕಾರದ ಕಂಪನಿ ಎಂಎಸ್‌ಐಎಲ್ ಮಕ್ಕಳಿಗೆ ಲೇಖಕ್ ನೋಟ್‌ಬುಕ್ ಮಾರುತ್ತದೆ, ದೊಡ್ಡವರಿಗೆ ಮದ್ಯ ಮಾರುತ್ತದೆ. ಪ್ರಶ್ನೆ ಬಂದು ನಿಲ್ಲುವುದು ಕೌಂಟರಿನ ಹಿಂದೆ ನಿಂತವನ ಹತ್ತಿರ. ಅವನ ಕೈ ಕಾಣುತ್ತದೆ, ಅದಕ್ಕೆ.

ಎಂಥ ಕೆಲಸ ಮಾಡಬಹುದು ಅನ್ನುವ ಪ್ರಶ್ನೆ ಕ್ರೈಸ್ತರಿಗೆ ಹೊಸದಲ್ಲ. ಸುಂಕದವರು ಬಂದು ಏನು ಮಾಡಲಿ ಅಂದಾಗ ಸ್ನಾನಿಕನಾದ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ನೇಮಕ ಆದದ್ದಕ್ಕಿಂತ ಜಾಸ್ತಿ ವಸೂಲು ಮಾಡಬೇಡಿ ಅಂದ. ಹಳೆಯ ಒಡಂಬಡಿಕೆಯ ನಾಮಾನ ಎಂಬ ಸೇನಾಪತಿಯ ಕತೆ ನನಗೆ ಇನ್ನೂ ಇಷ್ಟ. ಕುಷ್ಠ ವಾಸಿಯಾಗಿ ದೇವರನ್ನು ನಂಬಿದ ಮೇಲೆ ಅವನಿಗೊಂದು ಫಜೀತಿ. ಅವನ ಅರಸ ರಿಮ್ಮೋನ್ ದೇವರ ಗುಡಿಯಲ್ಲಿ ಇವನ ಕೈ ಊರಿಕೊಂಡು ಅಡ್ಡಬೀಳುತ್ತಾನೆ. ಆಗ ಇವನೂ ಬಾಗಲೇಬೇಕು, ಅದು ನೌಕರಿ. ಇದೊಂದನ್ನು ದೇವರು ಕ್ಷಮಿಸಲಿ ಅಂತ ಕೇಳಿಕೊಂಡಾಗ ಪ್ರವಾದಿ ಎಲೀಷ ಉಪದೇಶ ಕೊಡಲಿಲ್ಲ. ಸಮಾಧಾನದಿಂದ ಹೋಗು ಅಂದ, ಅಷ್ಟೇ.

ಆದಿ ಕ್ರೈಸ್ತ ಸಭೆಯವರು ಇದಕ್ಕಿಂತ ಬಿಗಿ. ರೋಮಿನ ಹಿಪ್ಪೊಲಿಟಸ್ ಎಂಬ ಹಳೆಯ ಸಭಾಗುರುವಿನ ಹೆಸರಿನಲ್ಲಿ ಉಳಿದಿರುವ ಹಳೆಯ ನಿಯಮಗಳಲ್ಲಿ ಸಭೆಗೆ ಸೇರಲು ಬರುವವರ ಕಸುಬುಗಳ ಪಟ್ಟಿಯೇ ಇದೆ. ವೇಶ್ಯಾಗೃಹ ನಡೆಸುವವನು, ಕತ್ತಿಕಾಳಗದ ಆಳು, ನಾಟಕದವನು, ಇವರೆಲ್ಲ ಆ ಕೆಲಸ ಬಿಟ್ಟು ಬರಬೇಕು. ಶಾಲೆಯ ಮೇಷ್ಟ್ರೂ ಆ ಪಟ್ಟಿಯಲ್ಲಿದ್ದಾರೆ! ಆಗ ಪಾಠ ಅಂದರೆ ಗ್ರೀಕ್, ರೋಮನ್ ದೇವತೆಗಳ ಕತೆಗಳೇ ಅಲ್ವಾ, ಅದಕ್ಕೆ. ಆದರೆ ಮೇಷ್ಟ್ರಿಗೆ ಮಾತ್ರ ಒಂದು ಸಡಿಲಿಕೆ ಇದೆ. ಬಿಟ್ಟರೆ ಒಳ್ಳೆಯದು, ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮಾಡಿಕೊಳ್ಳಲಿ.

ಇದನ್ನು ಓದಿದಾಗ ನನಗೆ ಮಂಗಳೂರಿನ ಜೆಪ್ಪು ನೆನಪಾಯಿತು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಬಹಳ ಜನ ಬಿಲ್ಲವರು, ಮೂರ್ತೆ ಕೆಲಸದ ಮನೆಯವರು. ತಾಳೆಮರ, ತೆಂಗಿನಮರ ಹತ್ತಿ ಕಲಿ ಇಳಿಸುವುದೇ ಜೀವನ. ಮಿಶನಿಗೆ ಅದು ಆಗುತ್ತಿರಲಿಲ್ಲ. ನಮ್ಮ ಹಿರಿಯರೂ ಹಾಗೆ ಮೂರ್ತೆಯ ಕತ್ತಿ ಕೆಳಗಿಟ್ಟವರೇ. ಮಿಶನಿನ ಶಿಸ್ತು ಗಟ್ಟಿ, ಕೆಲವೊಮ್ಮೆ ಜಾಸ್ತಿಯೇ ಗಟ್ಟಿ. ಮರದಿಂದ ಇಳಿದವನಿಗೆ ಊರಿನಲ್ಲೂ ಜಾಗ ಇಲ್ಲ, ಹೊಟ್ಟೆಗೂ ಇಲ್ಲ. ಅದನ್ನು ಅವರು ನೋಡಿದರು. ಮೊದಲು ನೇಯ್ಗೆ ಶುರುವಾಯಿತು. ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದ. ನಿನ್ನ ಕೆಲಸ ತಪ್ಪು ಅಂದವರೇ ಇಗೋ ಈ ಕೆಲಸ ಅಂತಲೂ ಹೇಳಿದರು. ಮಿಶನಿನ ಎಷ್ಟೋ ವಿಷಯಗಳಲ್ಲಿ ನನಗೆ ಒಪ್ಪಿಗೆ ಇಲ್ಲ, ಈ ಒಂದರಲ್ಲಿ ಇದೆ.

ಹಾಗಾಗಿ ನಮ್ಮ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಮಾತು. ಅವನು ನಾಳೆಯೇ ಬಂಕ್ ಬಿಡುತ್ತಾನೆ ಅಂತಲೇ ಇಟ್ಟುಕೊಳ್ಳಿ, ಇಲ್ಲಿ ಕೂತವರಲ್ಲಿ ಯಾರ ಹತ್ತಿರ ಅವನಿಗೊಂದು ಕೆಲಸ ಇದೆ? ಪಾಸ್ಟರ್ ಗಡ್ಡ ಕೆರೆದುಕೊಂಡರು. ಉಳಿದವರು ಕಾಫಿ ಲೋಟ ನೋಡಿದರು.

ಮೀಟಿಂಗ್ ಮುಗಿದ ಮೇಲೆ ಆ ಹಿರಿಯರು ಪಾರ್ಕಿಂಗ್‌ನಲ್ಲಿ ನನ್ನನ್ನು ನಿಲ್ಲಿಸಿದರು. ಸಿಟ್ಟಿರಬಹುದು ಅಂದುಕೊಂಡೆ. ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಕಲ್ಲಿದ್ದಲ ಗಣಿಯ ಕಡೆಯ ಊರು. ಶುಕ್ರವಾರ ಸಂಬಳ, ಶನಿವಾರ ಬೆಳಗಾಗುವಷ್ಟರಲ್ಲಿ ಖಾಲಿ. ಅಪ್ಪ ಒಳಗೆ ಕುಡಿಯುವಾಗ ಇವರು ಅಂಗಡಿಯ ಬಾಗಿಲಲ್ಲಿ ಕಾದು ನಿಲ್ಲಬೇಕಿತ್ತು. "ಬಾಟಲಿ ಎತ್ತಿ ಕೊಡುತ್ತಿದ್ದವನ ಮುಖ ನನಗೆ ಇವತ್ತೂ ಗೊತ್ತು," ಅಂದರು. ಅವರು ಬೈಬಲ್ ಇಟ್ಟುಕೊಂಡು ವಾದಿಸುತ್ತಿರಲಿಲ್ಲ ಅಂತ ಆಗ ಅರ್ಥವಾಯಿತು. ನನ್ನ ವಾರ್ಡಿನ ಹಾಸಿಗೆಗಳ ವಿಷಯ ನಾನೂ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆವು, ತುಂಬಾ ಚಳಿ ಇತ್ತು.

ಮುಂದಿನ ವಾರ ಅವರೇ ಹುಡುಗನಿಗೆ ಫೋನ್ ಮಾಡಿದರಂತೆ. ಅವರ ಮಗನದ್ದು ಮನೆಗಳಿಗೆ ಎಸಿ, ಹೀಟರ್ ಹಾಕಿಕೊಡುವ ವ್ಯಾಪಾರ. ಕೆಲಸ ಕಲಿಸುತ್ತೇವೆ, ಭಾನುವಾರ ರಜೆ, ಮೊದಲಿಗೆ ಸಂಬಳ ಬಂಕಿನಷ್ಟೇ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಕ್ಲಾಸನ್ನು ಪಾಸ್ಟರ್ ಅಷ್ಟರಲ್ಲೇ ಅವನಿಗೆ ಕೊಟ್ಟಾಗಿತ್ತು, ಬಂಕಿನ ವಿಷಯಕ್ಕೂ ಅದಕ್ಕೂ ಗಂಟು ಹಾಕಲಿಲ್ಲ. ಹಿರಿಯರು ಅದನ್ನು ಒಪ್ಪಿದ್ದಾರೆ ಅಂತೇನಲ್ಲ. ಆ ಕ್ಲಾಸಿನ ಕಡೆ ಹೋಗುವುದಿಲ್ಲ, ಹುಡುಗನಿಗೆ ಮಾತ್ರ ಕೈ ಕುಲುಕುತ್ತಾರೆ.

ಹುಡುಗ ಒಂದು ದಿನ ಅವರ ಮಗನ ಜೊತೆ ಹೋಗಿ ಕೆಲಸ ನೋಡಿಕೊಂಡೂ ಬಂದ. ಹೇಗಿತ್ತಪ್ಪಾ ಅಂತ ಕೇಳಿದೆ.

"ಜನ ಒಳ್ಳೆಯವರು ಅಕ್ಕಾ. ಆದ್ರೆ ಬೇಸಿಗೆಯಲ್ಲಿ ಅಟ್ಟದೊಳಗೆ ನುಗ್ಗಿ ಪೈಪ್ ಎಳೀಬೇಕಂತೆ. ಆ ಧಗೆಯಲ್ಲಿ ಹಾಸನದವನು ಬದುಕ್ತಾನಾ? ಬಂಕಲ್ಲಾದ್ರೆ ಎಸಿ ಇದೆ," ಅಂದ.

ಏಪ್ರಿಲ್ ಕೊನೆಯವರೆಗೆ ಯೋಚಿಸಲು ಸಮಯ ಕೊಟ್ಟಿದ್ದಾರೆ. ಅವನ ಹೆಂಡತಿ ಎಸಿ ಕೆಲಸದ ಪರ, ಸಂಜೆ ಗಂಡ ಮನೆಯಲ್ಲಿರುತ್ತಾನಲ್ಲ ಅಂತ.